ರಾಣಿ ಕೊಟ್ಟು ಗೆದ್ದ ಆಟ: ಹೇಸ್ಟಿಂಗ್ಸ್‌ನಲ್ಲಿ ಸುಲ್ತಾನ್ ಖಾನ್

ಚೆಸ್ ಕಲಿಯಲು ಕುಳಿತ ಮೊದಲ ವಾರದಲ್ಲೇ ಎಲ್ಲರಿಗೂ ಒಂದು ಪಟ್ಟಿ ಬಾಯಿಪಾಠವಾಗುತ್ತದೆ. ಕಾಲಾಳಿಗೆ 1 ಅಂಕ, ಕುದುರೆಗೆ 3, ಒಂಟೆಗೆ 3, ಆನೆಗೆ 5, ರಾಣಿಗೆ 9. ಈ ಪಟ್ಟಿಯ ಜೊತೆಗೇ ಒಂದು ಭಯವೂ ಮನಸ್ಸಿನಲ್ಲಿ ಕೂರುತ್ತದೆ: ರಾಣಿ ಹೋದರೆ ಆಟ ಹೋಯಿತು. ಅಂತರ ಕಾಲೇಜು ಪಂದ್ಯಗಳಲ್ಲಿ ಇದನ್ನು ನೋಡಬಹುದು. ರಾಣಿಗೆ ಬದಲಾಗಿ ಎರಡು ಆನೆ ಸಿಕ್ಕಿದ್ದರೂ ವಿದ್ಯಾರ್ಥಿಯ ಮುಖ ಬಾಡುತ್ತದೆ. ಮುಂದಿನ ಹತ್ತು ನಡೆಗಳನ್ನು ಅವನು ಸೋತವನಂತೆ ಆಡುತ್ತಾನೆ, ಕೊನೆಗೆ ನಿಜವಾಗಿಯೂ ಸೋಲುತ್ತಾನೆ.

ಆ ಭಯಕ್ಕೆ ಮದ್ದಾಗಬಲ್ಲ ಒಂದು ಆಟವನ್ನು ಈ ಪಾಠದಲ್ಲಿ ನೋಡೋಣ. ಇಂಗ್ಲೆಂಡಿನ ಹೇಸ್ಟಿಂಗ್ಸ್ ಎಂಬ ಕಡಲತೀರದ ಊರಿನಲ್ಲಿ ಪ್ರತಿ ವರ್ಷ ಕ್ರಿಸ್‌ಮಸ್ ಸಮಯದಲ್ಲಿ ನಡೆಯುತ್ತಿದ್ದ ಪ್ರಸಿದ್ಧ ಚೆಸ್ ಪಂದ್ಯಾವಳಿಯಲ್ಲಿ, 1930-31ರಲ್ಲಿ, ಇದನ್ನು ಆಡಲಾಯಿತು. ಬಿಳಿ ಕಾಯಿಗಳು ಮೀರ್ ಸುಲ್ತಾನ್ ಖಾನ್ ಅವರದು. ಕಪ್ಪು ಕಾಯಿಗಳು ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರದು.

ಚೆಸ್ ಬೋರ್ಡನ್ನು ಮುಂದಿಟ್ಟುಕೊಂಡು, ಪ್ರತಿ ನಡೆಯನ್ನೂ ಆಡುತ್ತಾ ಓದಿ. ಬರೀ ಕಣ್ಣಿನಿಂದ ಓದಿದರೆ ಈ ಪಾಠದ ಅರ್ಧವೂ ದಕ್ಕುವುದಿಲ್ಲ.

ಗುರುತುಗಳು: ಬಿಷಪ್ಪನ್ನು ಒಂಟೆ ಎಂದೂ ರೂಕನ್ನು ಆನೆ ಎಂದೂ ಬರೆದಿದೆ. ಬಿಳಿಯ ಎಡಗೈ ಕಡೆಯಿಂದ ನೀಟ ಸಾಲುಗಳು ಕ್ರಮವಾಗಿ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಮನೆಯ ಹೆಸರನ್ನಷ್ಟೇ ಬರೆದಿದ್ದರೆ ಅದು ಕಾಲಾಳಿನ ನಡೆ. × ಎಂದರೆ ಹೊಡೆತ, + ಎಂದರೆ ಚೆಕ್. ಮೊದಲು ಬಿಳಿಯ ನಡೆ, ಅಲ್ಪವಿರಾಮದ ನಂತರ ಕಪ್ಪಿನ ನಡೆ.

ಆಟಗಾರರು

ಹೋಸೆ ರಾವುಲ್ ಕಾಪಾಬ್ಲಾಂಕಾ ಹುಟ್ಟಿದ್ದು 1888ರಲ್ಲಿ, ಕ್ಯೂಬಾ ದೇಶದ ಹವಾನಾದಲ್ಲಿ. 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್. 1916ರಿಂದ 1924ರವರೆಗೆ, ಎಂಟು ವರ್ಷಗಳ ಕಾಲ, ಒಂದು ಗಂಭೀರ ಪಂದ್ಯವನ್ನೂ ಸೋಲದ ಆಟಗಾರ. ಅವರನ್ನು ಸೋಲಿಸುವುದೇ ಆ ಕಾಲದಲ್ಲಿ ದೊಡ್ಡ ಸುದ್ದಿಯಾಗುತ್ತಿತ್ತು.

ಸುಲ್ತಾನ್ ಖಾನ್ ಹುಟ್ಟಿದ್ದು ಕಳೆದ ಶತಮಾನದ ಆರಂಭದಲ್ಲಿ, ಪಂಜಾಬಿನ ಮಿಠಾ ಟಿವಾನಾ ಎಂಬ ಊರಿನಲ್ಲಿ. ಆ ಊರು ಈಗ ಪಾಕಿಸ್ತಾನದಲ್ಲಿದೆ. ತಂದೆಯಿಂದ ಕಲಿತದ್ದು ನಮ್ಮ ದೇಶದ ಹಳೆಯ ಚದುರಂಗ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತದೆ, ಈಗಿನಂತೆ ಕ್ಯಾಸ್ಲಿಂಗ್ ಇಲ್ಲ, ರಾಣಿಯ ಜಾಗದಲ್ಲಿ ಮಂತ್ರಿ ಇರುತ್ತಾನೆ. ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಟಿವಾನಾ ಅವರ ಆಶ್ರಯದಲ್ಲಿದ್ದ ಸುಲ್ತಾನ್ ಖಾನ್ 1928ರಲ್ಲಿ ಅಖಿಲ ಭಾರತ ಚಾಂಪಿಯನ್ ಆದರು. 1929ರಲ್ಲಿ ಅವರೊಂದಿಗೆ ಲಂಡನ್ನಿಗೆ ಹೋದರು. ಅದೇ ವರ್ಷ ಬ್ರಿಟಿಷ್ ಚಾಂಪಿಯನ್‌ಶಿಪ್ ಗೆದ್ದರು. ಯುರೋಪಿನ ಆಟಗಾರರು ಬಾಲ್ಯದಿಂದ ಓದಿಕೊಂಡು ಬಂದ ಓಪನಿಂಗ್ ಪುಸ್ತಕಗಳ ಬೆಂಬಲ ಅವರಿಗೆ ಇರಲಿಲ್ಲ.

ಆರಂಭ: ಅವಸರವಿಲ್ಲದ ನಡೆಗಳು

1. ಕುದುರೆ ಎಫ್3, ಕುದುರೆ ಎಫ್6, 2. ಡಿ4, ಬಿ6, 3. ಸಿ4, ಒಂಟೆ ಬಿ7, 4. ಕುದುರೆ ಸಿ3, ಇ6; 5. ಎ3

ಎರಡನೇ ನಡೆಯಲ್ಲಿ ರಾಣಿಯ ಮುಂದಿನ ಕಾಲಾಳು ಡಿ4ಕ್ಕೆ ಬಂದಿತು. ರಾಣಿ ಕಾಲಾಳಿನ ಆಟಗಳು ಸಾಮಾನ್ಯವಾಗಿ ನಿಧಾನ. ರಾಜನ ಮುಂದಿನ ಕಾಲಾಳಿನಿಂದ ಶುರುವಾಗುವ ಆಟಗಳಂತೆ ಇಲ್ಲಿ ಹತ್ತನೇ ನಡೆಗೇ ಹೊಡೆದಾಟ ಬೀಳುವುದಿಲ್ಲ. ಕಾಲಾಳನ್ನು ಒಂದೊಂದೇ ಮನೆ ನಡೆಸುವ ಆಟದಲ್ಲಿ ಬೆಳೆದವರಿಗೆ ಈ ನಿಧಾನ ಒಗ್ಗುವಂಥದೇ.

ಕಪ್ಪಿನ ಈ ವ್ಯೂಹಕ್ಕೆ ಕ್ವೀನ್ಸ್ ಇಂಡಿಯನ್ ಡಿಫೆನ್ಸ್ ಎಂಬ ಹೆಸರಿದೆ. ಹೆಸರಿನಲ್ಲಿರುವ ‘ಇಂಡಿಯನ್’ ನಮ್ಮದೇ. 19ನೇ ಶತಮಾನದ ನಡುವಿನಲ್ಲಿ ಕಲ್ಕತ್ತೆಯಲ್ಲಿ ಮಹೇಶ್ಚಂದ್ರ ಬ್ಯಾನರ್ಜಿ ಎಂಬವರು ಜಾನ್ ಕಾಕ್ರೇನ್ ಎಂಬ ಬ್ರಿಟಿಷ್ ಆಟಗಾರನ ವಿರುದ್ಧ ಇಂಥ ಆರಂಭಗಳನ್ನು ಆಡುತ್ತಿದ್ದರು. ಅಲ್ಲಿಂದ ಈ ಹೆಸರು ಬಂತು.

ಐದನೇ ನಡೆಯ ಪುಟ್ಟ ಎ3 ನೋಡಿ. ಇದು ಕಪ್ಪು ಒಂಟೆ ಬಿ4ಕ್ಕೆ ಬಂದು ಸಿ3ರ ಕುದುರೆಯನ್ನು ಕಟ್ಟಿಹಾಕದಂತೆ ತಡೆಯುತ್ತದೆ. ಇಂದು ಪುಸ್ತಕಗಳಲ್ಲಿ ಈ ಪದ್ಧತಿಗೆ 1963ರಲ್ಲಿ ವಿಶ್ವ ಚಾಂಪಿಯನ್ ಆದ ಪೆಟ್ರೋಸಿಯನ್ ಅವರ ಹೆಸರಿದೆ. ಸುಲ್ತಾನ್ ಖಾನ್ ಇದನ್ನು ಆಡಿದಾಗ ಪೆಟ್ರೋಸಿಯನ್ ಒಂದೂವರೆ ವರ್ಷದ ಮಗು.

5… ಡಿ5, 6. ಸಿ×ಡಿ5, ಇ×ಡಿ5, 7. ಒಂಟೆ ಜಿ5, ಒಂಟೆ ಇ7, 8. ಇ3, ಕ್ಯಾಸ್ಲಿಂಗ್ (ರಾಜನ ಕಡೆ), 9. ಒಂಟೆ ಡಿ3, ಕುದುರೆ ಇ4, 10. ಒಂಟೆ ಎಫ್4, ಕುದುರೆ ಬಿ8ರಿಂದ ಡಿ7, 11. ರಾಣಿ ಸಿ2, ಎಫ್5, 12. ಕುದುರೆ ಬಿ5, ಒಂಟೆ ಡಿ6, 13. ಕುದುರೆ×ಡಿ6, ಸಿ×ಡಿ6

ಇಲ್ಲಿ ನಿಂತು ಕಪ್ಪಿನ ಕಾಲಾಳುಗಳನ್ನು ನೋಡಿ. ಡಿ5, ಡಿ6 ಎರಡೂ ಒಂದೇ ಸಾಲಿನಲ್ಲಿ ಒಂದರ ಹಿಂದೊಂದು ನಿಂತಿವೆ. ಕಪ್ಪು ಮನೆಗಳಲ್ಲಿ ಓಡಾಡುವ ಒಂಟೆಯನ್ನು ಕಾಪಾಬ್ಲಾಂಕಾ ಕಳೆದುಕೊಂಡಿದ್ದಾರೆ. ಉಳಿದದ್ದು ಬಿ7ರಲ್ಲಿರುವ ಬಿಳಿ ಮನೆಯ ಒಂಟೆ. ಅದರ ಕಣ್ಣಿಗೆ ಮೊದಲು ಬೀಳುವುದೇ ತನ್ನದೇ ಪಕ್ಷದ ಡಿ5 ಕಾಲಾಳು. ಇತ್ತ ಬಿಳಿಯ ಎಫ್4 ಒಂಟೆ ನೇರವಾಗಿ ಡಿ6ನ್ನು ಗುರಿಯಿಟ್ಟಿದೆ. ದೊಡ್ಡ ಲಾಭವೇನೂ ಆಗಿಲ್ಲ, ಆದರೆ ಮುಂದಿನ ಐವತ್ತು ನಡೆಗಳಿಗೆ ಬಿಳಿಗೆ ಒಂದು ಗುರಿ ಸಿಕ್ಕಿತು.

ನಡುವಿನ ಆಟ: ರಾಣಿಯ ವಿನಿಮಯ

14. ಎಚ್4, ಆನೆ ಸಿ8, 15. ರಾಣಿ ಬಿ3, ರಾಣಿ ಇ7, 16. ಕುದುರೆ ಡಿ2, ಕುದುರೆ ಡಿ7ರಿಂದ ಎಫ್6, 17. ಕುದುರೆ×ಇ4, ಎಫ್×ಇ4, 18. ಒಂಟೆ ಇ2, ಆನೆ ಸಿ6, 19. ಜಿ4, ಆನೆ ಎಫ್8ರಿಂದ ಸಿ8, 20. ಜಿ5, ಕುದುರೆ ಇ8; 21. ಒಂಟೆ ಜಿ4

ಕಪ್ಪು ಎರಡೂ ಆನೆಗಳನ್ನು ತೆರೆದ ಸಿ ಸಾಲಿನಲ್ಲಿ ಜೋಡಿಸಿದೆ. ಬಿಳಿ ರಾಜ ಇನ್ನೂ ಕ್ಯಾಸ್ಲಿಂಗ್ ಮಾಡಿಲ್ಲ. ಹೊರನೋಟಕ್ಕೆ ಕಪ್ಪಿನದೇ ಮೇಲುಗೈ. ಆದರೆ ಬಿಳಿಯ ಕಾಲಾಳು ಕಪ್ಪು ಕುದುರೆಯನ್ನು ಇ8ಕ್ಕೆ ಅಟ್ಟಿದೆ. ಈಗ ಒಂಟೆ ಜಿ4ಕ್ಕೆ ಬಂದು ದೂರದಿಂದ ಸಿ8ರ ಆನೆಯನ್ನು ಗುರಿಯಿಟ್ಟಿದೆ.

21… ಆನೆ ಸಿ1+, 22. ರಾಜ ಡಿ2, ಆನೆ ಸಿ8ರಿಂದ ಸಿ2+, 23. ರಾಣಿ×ಸಿ2, ಆನೆ×ಸಿ2+, 24. ರಾಜ×ಸಿ2

ಲೆಕ್ಕ ಹಾಕಿ. ಬಿಳಿ ಕೊಟ್ಟದ್ದು ರಾಣಿ, 9 ಅಂಕ. ಪಡೆದದ್ದು ಎರಡು ಆನೆ, 10 ಅಂಕ. ಬೋರ್ಡಿನಲ್ಲಿ ಉಳಿದದ್ದು ಬಿಳಿಗೆ ಎರಡು ಆನೆ, ಎರಡು ಒಂಟೆ. ಕಪ್ಪಿಗೆ ರಾಣಿ, ಒಂಟೆ, ಕುದುರೆ. ಇಬ್ಬರಿಗೂ ಏಳೇಳು ಕಾಲಾಳು. ಅಂಕಗಳಲ್ಲಿ ವ್ಯತ್ಯಾಸ ಬರೀ ಒಂದು. ಆದ್ದರಿಂದ ಈ ಪಟ್ಟಿಯಿಂದ ಆಟ ಯಾರದೆಂದು ಹೇಳಲಾಗದು. ಕೇಳಬೇಕಾದ ಪ್ರಶ್ನೆ ಇದು: ಈ ಬೋರ್ಡಿನಲ್ಲಿ ರಾಣಿಗೆ ಮಾಡಲು ಏನು ಕೆಲಸ ಇದೆ?

ರಾಣಿಗೆ ಕೆಲಸ ಸಿಗದಂತೆ ಮಾಡುವುದು

ರಾಣಿಯ ಶಕ್ತಿ ಒಂದೇ ಏಟಿಗೆ ಎರಡು ಕಡೆ ಗುರಿಯಿಡುವುದರಲ್ಲಿದೆ. ಕಾವಲಿಲ್ಲದ ಕಾಯಿಗಳು ಅಲ್ಲಲ್ಲಿ ಬಿದ್ದಿದ್ದರೆ ಅದಕ್ಕೆ ಹಬ್ಬ. ಎಲ್ಲ ಕಾಯಿಗಳಿಗೂ ಕಾವಲಿದ್ದರೆ, ಒಂದು ಕಾಲಾಳನ್ನು ಹೊಡೆಯಲು ಒಂಬತ್ತು ಅಂಕದ ರಾಣಿಯನ್ನು ಯಾರೂ ಕೊಡುವುದಿಲ್ಲ. ಆನೆಗಳು ಹಾಗಲ್ಲ. ಒಂದು ಆನೆ ಹೊಡೆದು ಸತ್ತರೂ ಇನ್ನೊಂದು ಹಿಂದಿನಿಂದ ಬಂದು ಲೆಕ್ಕ ಸರಿಮಾಡುತ್ತದೆ.

24… ರಾಣಿ ಸಿ7+, 25. ರಾಜ ಡಿ2, ರಾಣಿ ಸಿ4, 26. ಒಂಟೆ ಇ2, ರಾಣಿ ಬಿ3, 27. ಆನೆ ಎ1ರಿಂದ ಬಿ1, ರಾಜ ಎಫ್7, 28. ಆನೆ ಎಚ್1ರಿಂದ ಸಿ1, ರಾಜ ಇ7, 29. ಆನೆ ಸಿ3, ರಾಣಿ ಎ4, 30. ಬಿ4, ರಾಣಿ ಡಿ7

ಸಿ4ಕ್ಕೆ ಬಂದ ರಾಣಿಯನ್ನು ಒಂಟೆ ಓಡಿಸಿತು. ಬಿ2 ಕಾಲಾಳಿಗೆ ಕಣ್ಣು ಹಾಕಿದರೆ ಆನೆ ಕಾವಲಿಗೆ ಬಂದಿತು. ಬಿ3ರಿಂದ ಅದನ್ನು ಎಬ್ಬಿಸಿದ್ದು ಇನ್ನೊಂದು ಆನೆ. ಮೂರು ಕಡೆ ಸುತ್ತಿ ರಾಣಿ ಬರಿಗೈಯಲ್ಲಿ ಮನೆಗೆ ಮರಳಿತು. ಬಿಳಿ ರಾಜ ಬೋರ್ಡಿನ ನಡುವೆ ನಿಂತಿದ್ದರೂ ಅಪಾಯವಿಲ್ಲ, ಏಕೆಂದರೆ ರಾಣಿಗೆ ಜೊತೆಗಾರರಿಲ್ಲ. ಬಿ7ರ ಒಂಟೆ ತನ್ನ ಕಾಲಾಳಿನ ಹಿಂದೆ ಬಂದಿ. ಇ8ರ ಕುದುರೆ ಡಿ6ರ ಕಾವಲಿಗೆ ಕಟ್ಟಿಬಿದ್ದಿದೆ.

31. ಆನೆ ಬಿ1ರಿಂದ ಸಿ1, ಎ6, 32. ಆನೆ ಜಿ1, ರಾಣಿ ಎ4, 33. ಆನೆ ಜಿ1ರಿಂದ ಸಿ1, ರಾಣಿ ಡಿ7, 34. ಎಚ್5, ರಾಜ ಡಿ8, 35. ಆನೆ ಸಿ1ರಿಂದ ಸಿ2, ರಾಣಿ ಎಚ್3, 36. ರಾಜ ಸಿ1, ರಾಣಿ ಎಚ್4, 37. ರಾಜ ಬಿ2, ರಾಣಿ ಎಚ್3, 38. ಆನೆ ಸಿ2ರಿಂದ ಸಿ1, ರಾಣಿ ಎಚ್4; 39. ಆನೆ ಸಿ3ರಿಂದ ಸಿ2, ರಾಣಿ ಎಚ್3, 40. ಎ4, ರಾಣಿ ಎಚ್4, 41. ರಾಜ ಎ3, ರಾಣಿ ಎಚ್3

35ರಿಂದ 41ನೇ ನಡೆಯವರೆಗೆ ಕಪ್ಪು ರಾಣಿ ಎಚ್3, ಎಚ್4 ಎಂಬ ಎರಡೇ ಮನೆಗಳ ನಡುವೆ ಓಡಾಡಿದೆ. ಜಗತ್ತಿನ ಅತ್ಯುತ್ತಮ ಆಟಗಾರರಲ್ಲೊಬ್ಬರ ಕೈಯಲ್ಲಿರುವ ರಾಣಿಗೆ ಬೇರೆ ಕೆಲಸವೇ ಇಲ್ಲ.

‘ಎಚ್4ಕ್ಕೆ ಬಂದಾಗ ಎಫ್2 ಕಾಲಾಳು ಬಿಟ್ಟಿ ಸಿಗುತ್ತದಲ್ಲ, ಯಾಕೆ ಹೊಡೆಯಲಿಲ್ಲ?’ ಎಂದು ಕೆಲವರು ಕೇಳಬಹುದು. ಒಳ್ಳೆಯ ಪ್ರಶ್ನೆ. 37ನೇ ನಡೆಯಲ್ಲಿ ರಾಣಿ ಎಫ್2ನ್ನು ಹೊಡೆದಿದೆ ಎಂದಿಟ್ಟುಕೊಳ್ಳಿ. ಆಗ ಬಿಳಿ 38. ಒಂಟೆ×ಎ6 ಆಡುತ್ತದೆ. ಒಂಟೆ ಇ2ರಿಂದ ಸರಿದ ಕೂಡಲೇ ಸಿ2ರ ಆನೆ ಅಡ್ಡಸಾಲಿನಲ್ಲಿ ನೇರವಾಗಿ ರಾಣಿಯ ಮೇಲೆ ಬೀಳುತ್ತದೆ. ರಾಣಿ ಓಡಿದರೆ ಎ6ರ ಒಂಟೆ ಬಿ7ರ ಒಂಟೆಯನ್ನು ಹೊಡೆಯುತ್ತದೆ. ಬಿ7ರ ಒಂಟೆ ಎ6ನ್ನು ಹೊಡೆದರೆ ರಾಣಿಯೇ ಹೋಗುತ್ತದೆ. ಕಾವಲಿಲ್ಲದಂತೆ ಕಂಡ ಕಾಲಾಳಿಗೆ ಮರೆಯಲ್ಲಿ ಕಾವಲಿತ್ತು. 38ನೇ ನಡೆಯಲ್ಲಿ ಸಿ2ರ ಆನೆ ಹಿಂದೆ ಸರಿದಾಗ, ಮರುನಡೆಯಲ್ಲೇ ಇನ್ನೊಂದು ಆನೆ ಸಿ2ಕ್ಕೆ ಬಂದುದನ್ನೂ ಗಮನಿಸಿ.

ಎರಡನೇ ಬಾಗಿಲು

ಸಿ ಸಾಲು ಪೂರ್ತಿ ಬಿಳಿಯದೇ. ಆದರೂ ಆನೆಗಳಿಗೆ ಒಳಗೆ ಹೋಗಲು ದಾರಿಯಿಲ್ಲ. ಸಿ7ನ್ನು ರಾಜ, ಕುದುರೆ ಕಾಯುತ್ತಿದ್ದರೆ, ಸಿ6 ಮತ್ತು ಸಿ8 ಒಂಟೆಯ ಕಣ್ಣಳತೆಯಲ್ಲಿವೆ. ಒಂದೇ ಬಾಗಿಲನ್ನು ಬಡಿಯುತ್ತಿದ್ದರೆ ಒಳಗಿದ್ದವರು ಒಟ್ಟಾಗಿ ಒತ್ತಿಹಿಡಿಯುತ್ತಾರೆ. ಬೇರೆ ಕಡೆಯೂ ತಟ್ಟಬೇಕು.

42. ಒಂಟೆ ಜಿ3, ರಾಣಿ ಎಫ್5, 43. ಒಂಟೆ ಎಚ್4, ಜಿ6; 44. ಎಚ್6, ರಾಣಿ ಡಿ7, 45. ಬಿ5, ಎ5

43ನೇ ನಡೆಯ ನಂತರ ಬಿಳಿ ಜಿ5 ಕಾಲಾಳನ್ನು ಜಿ6ಕ್ಕೆ ನೂಕಿದರೆ ಎಚ್4ರ ಒಂಟೆಯಿಂದ ಡಿ8ರ ರಾಜನಿಗೆ ಚೆಕ್ ಬೀಳುತ್ತದೆ. ಅದನ್ನು ತಡೆಯಲು ಕಪ್ಪು ತಾನೇ ಜಿ6 ಆಡಿತು. ಕೂಡಲೇ ಬಿಳಿ ಎಚ್6 ಆಡಿ ಆ ಕಡೆಗೆ ಬೀಗ ಹಾಕಿತು. ಈಗ ಇ8ರ ಕುದುರೆಯ ಸ್ಥಿತಿ ನೋಡಿ. ಎಫ್6ಕ್ಕೆ ಜಿ5ರ ಕಾಲಾಳು, ಜಿ7ಕ್ಕೆ ಎಚ್6ರ ಕಾಲಾಳು ಕಾವಲು. ಡಿ6ರಲ್ಲಿ ತನ್ನದೇ ಕಾಲಾಳು. ಎರಡು ಕಾಲಾಳು ಸೇರಿ ಒಂದು ಕುದುರೆಯನ್ನು ಲಾಯದಲ್ಲಿ ಕಟ್ಟಿದವು.

ಇನ್ನೊಂದು ಕಡೆ ಬಿ5 ಆಡಿದ್ದರಿಂದ ಎರಡು ಲಾಭ ಬಂದವು. ಬಿ6ರ ಕಾಲಾಳಿಗೆ ಇನ್ನು ಬೇರೆ ಕಾಲಾಳಿನ ಆಸರೆಯಿಲ್ಲ. ಸಿ6 ಮನೆಗೆ ಬಿ5ರ ಕಾಲಾಳಿನ ಬೆಂಬಲ ಬಂತು. ಎರಡನೇ ಬಾಗಿಲು ಇದೇ.

46. ಒಂಟೆ ಜಿ3, ರಾಣಿ ಎಫ್5, 47. ಒಂಟೆ ಎಫ್4, ರಾಣಿ ಎಚ್3, 48. ರಾಜ ಬಿ2, ರಾಣಿ ಜಿ2, 49. ರಾಜ ಬಿ1, ರಾಣಿ ಎಚ್3, 50. ರಾಜ ಎ1, ರಾಣಿ ಜಿ2, 51. ರಾಜ ಬಿ2, ರಾಣಿ ಎಚ್3, 52. ಆನೆ ಜಿ1, ಒಂಟೆ ಸಿ8, 53. ಆನೆ ಸಿ6

ಬಿಳಿ ರಾಜ ಬಿ2, ಬಿ1, ಎ1, ಮತ್ತೆ ಬಿ2 ಎಂದು ಸುಮ್ಮನೆ ಅಡ್ಡಾಡಿದಂತೆ ಕಾಣುತ್ತದೆ. ಎದುರಾಳಿಗೆ ಒಳ್ಳೆಯ ನಡೆ ಇಲ್ಲದಾಗ ಕಾಯುವುದೂ ಒಂದು ನಡೆ. ಕೊನೆಗೆ ಕಪ್ಪು ಒಂಟೆ ಬಿ7ರ ಕಾವಲು ಬಿಟ್ಟು ಸಿ8ಕ್ಕೆ ಸರಿಯಿತು. ಅದೇ ಗಳಿಗೆಯಲ್ಲಿ ಆನೆ ಸಿ6ಕ್ಕೆ ನುಗ್ಗಿತು.

53… ರಾಣಿ ಎಚ್4, 54. ಆನೆ ಜಿ1ರಿಂದ ಸಿ1, ಒಂಟೆ ಜಿ4, 55. ಒಂಟೆ ಎಫ್1, ರಾಣಿ ಎಚ್5, 56. ಆನೆ ಇ1, ರಾಣಿ ಎಚ್1, 57. ಆನೆ ಇ1ರಿಂದ ಸಿ1, ರಾಣಿ ಎಚ್5; 58. ರಾಜ ಸಿ3, ರಾಣಿ ಎಚ್4, 59. ಒಂಟೆ ಜಿ3, ರಾಣಿ×ಜಿ5, 60. ರಾಜ ಡಿ2, ರಾಣಿ ಎಚ್5, 61. ಆನೆ×ಬಿ6, ರಾಜ ಇ7, 62. ಆನೆ ಬಿ7+, ರಾಜ ಇ6, 63. ಬಿ6, ಕುದುರೆ ಎಫ್6, 64. ಒಂಟೆ ಬಿ5, ರಾಣಿ ಎಚ್3, 65. ಆನೆ ಬಿ8. ಕಾಪಾಬ್ಲಾಂಕಾ ಸೋಲೊಪ್ಪಿದರು.

ಕಪ್ಪು ರಾಣಿಗೆ ಕೊನೆಗೂ ಒಂದು ಕಾಲಾಳು ಸಿಕ್ಕಿತು, ಜಿ5ರಲ್ಲಿ. ಬಿಳಿ ಅದಕ್ಕೆ ಚಿಂತಿಸಲಿಲ್ಲ. ಬಿ6 ಬಿದ್ದ ಮೇಲೆ ಬಿಳಿಯ ಬಿ ಕಾಲಾಳಿನ ಮುಂದೆ ಯಾವ ಕಾಲಾಳಿನ ತಡೆಯೂ ಉಳಿಯಲಿಲ್ಲ. ಮುಂದೆ ಬಿ7, ಆನೆ ಬದಿಗೆ ಸರಿದರೆ ಕಾಲಾಳು ರಾಣಿಯಾಗುತ್ತದೆ.

ಈ ಆಟ ನಮಗೆ ಕಲಿಸುವುದು

ಒಂದು: ಕಾಯಿಗಳ ಅಂಕಪಟ್ಟಿ ಅಂದಾಜಿಗೆ ಮಾತ್ರ. ಆ ಹೊತ್ತಿಗೆ, ಆ ಬೋರ್ಡಿನಲ್ಲಿ ಕಾಯಿಗೆ ಎಷ್ಟು ಕೆಲಸವಿದೆ ಎಂಬುದರ ಮೇಲೆ ಅದರ ಬೆಲೆ ನಿಲ್ಲುತ್ತದೆ.

ಎರಡು: ರಾಣಿಯ ವಿರುದ್ಧ ಆನೆಗಳನ್ನು ಆಡಿಸುವಾಗ ಮೊದಲು ನಿಮ್ಮ ಕಾಯಿಗಳಿಗೆಲ್ಲ ಕಾವಲಿಡಿ. ದಾಳಿ ಆಮೇಲೆ. ಸುಲ್ತಾನ್ ಖಾನ್ ಇದಕ್ಕೆ ಹತ್ತಾರು ನಡೆಗಳನ್ನು ಕೊಟ್ಟರು.

ಮೂರು: ಒಂದು ಗುರಿಯನ್ನು ಎದುರಾಳಿ ಕಾಪಾಡಿಕೊಳ್ಳಬಲ್ಲ. ಎರಡು ಗುರಿಗಳನ್ನು ಕಾಯುವಾಗ ಒಂದು ಕೈಬಿಡುತ್ತದೆ.

ನಾಲ್ಕು: ಗಡಿಯಾರದಲ್ಲಿ ಸಮಯ ಇರುವಾಗ ಅವಸರ ಬೇಡ. ಈ ಆಟದಲ್ಲಿ ರಾಣಿ ಹೋದದ್ದು 23ನೇ ನಡೆಯಲ್ಲಿ, ಫಲ ಸಿಕ್ಕಿದ್ದು 65ರಲ್ಲಿ.

ಆಮೇಲೆ ಏನಾಯಿತು?

ಆ ಪಂದ್ಯಾವಳಿಯಲ್ಲಿ ಮುಂದೆ ವಿಶ್ವ ಚಾಂಪಿಯನ್ ಆಗಲಿದ್ದ ಮ್ಯಾಕ್ಸ್ ಯೂವ್ ಮೊದಲಿಗರಾದರು. ಕಾಪಾಬ್ಲಾಂಕಾ ಎರಡನೆಯವರು, ಸುಲ್ತಾನ್ ಖಾನ್ ಮೂರನೆಯವರು. ಸುಲ್ತಾನ್ ಖಾನ್ 1932 ಮತ್ತು 1933ರಲ್ಲಿ ಮತ್ತೆ ಬ್ರಿಟಿಷ್ ಚಾಂಪಿಯನ್ ಆದರು. 1930, 1931 ಮತ್ತು 1933ರ ಚೆಸ್ ಒಲಿಂಪಿಯಾಡ್‌ಗಳಲ್ಲಿ ಇಂಗ್ಲೆಂಡ್ ತಂಡದ ಮೊದಲ ಬೋರ್ಡಿನಲ್ಲಿ ಆಡಿದರು. ನಮ್ಮ ವಿದ್ಯಾರ್ಥಿನಿಯರು ತಿಳಿಯಬೇಕಾದ ಇನ್ನೊಂದು ಹೆಸರು ಫಾತಿಮಾ ಅವರದು. ಸರ್ ಉಮರ್ ಹಯಾತ್ ಅವರ ಮನೆಯವರೊಂದಿಗೇ ಇಂಗ್ಲೆಂಡಿಗೆ ಹೋಗಿದ್ದ ಆಕೆ 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದರು.

ಅದೇ ವರ್ಷದ ಕೊನೆಗೆ ಸುಲ್ತಾನ್ ಖಾನ್ ಊರಿಗೆ ಮರಳಿದರು. ಯುರೋಪಿನ ಪಂದ್ಯಗಳಿಗೆ ಮತ್ತೆ ಹೋಗಲಿಲ್ಲ. 1966ರಲ್ಲಿ ಸರ್ಗೋಧಾದಲ್ಲಿ ತೀರಿಕೊಂಡರು. ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಗ್ರ್ಯಾಂಡ್‌ಮಾಸ್ಟರ್ ಬಿರುದನ್ನು ಕೊಡತೊಡಗಿದ್ದು 1950ರಲ್ಲಿ. ಸುಲ್ತಾನ್ ಖಾನ್ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಸಂದದ್ದು 2024ರಲ್ಲಿ, ಅವರು ತೀರಿಕೊಂಡ 58 ವರ್ಷಗಳ ನಂತರ. ಬಿರುದು ತಡವಾಗಿ ಬಂತು. ಆಟದ ನಡೆಗಳು ಮಾತ್ರ 1931ರಿಂದಲೂ ಓದಲು ತಿಳಿದವರ ಮುಂದೆ ಇದ್ದವು.

ಅಭ್ಯಾಸ

1. 44ನೇ ನಡೆಯ ನಂತರ ಕಪ್ಪು ಕುದುರೆಗೆ ಹೋಗಲು ಉಳಿದಿರುವ ಒಂದೇ ಮನೆ ಯಾವುದು? ರಾಣಿ ಎಚ್3ರಲ್ಲೂ ಬಿಳಿ ಒಂಟೆ ಎಫ್4ರಲ್ಲೂ ಇರುವಾಗ ಕುದುರೆ ಅಲ್ಲಿಗೆ ಹೋದರೆ ಕಪ್ಪು ಏನನ್ನು ಕಳೆದುಕೊಳ್ಳುತ್ತದೆ?

2. 54ನೇ ನಡೆಯಲ್ಲಿ ಕಪ್ಪು, ಒಂಟೆಯನ್ನು ಜಿ4ಕ್ಕೆ ಆಡುವ ಬದಲು ರಾಣಿಯಿಂದ ಎಫ್2ನ್ನು ಹೊಡೆದಿದ್ದರೆ ಬಿಳಿ ಏನು ಆಡಬೇಕು? ಸಿ ಸಾಲಿನ ಎರಡು ಆನೆಗಳನ್ನೂ ಸಿ8ರ ಒಂಟೆಯನ್ನೂ ನೋಡಿ ಉತ್ತರಿಸಿ.

3. 24ನೇ ನಡೆಯ ಸ್ಥಿತಿಯನ್ನು ಬೋರ್ಡಿನಲ್ಲಿ ಜೋಡಿಸಿ, ಗೆಳೆಯರೊಂದಿಗೆ ಎರಡು ಸಲ ಆಡಿ: ಒಮ್ಮೆ ರಾಣಿಯ ಪಕ್ಷದಲ್ಲಿ, ಒಮ್ಮೆ ಆನೆಗಳ ಪಕ್ಷದಲ್ಲಿ. ನಡೆಗಳನ್ನು ಬರೆದಿಡಿ. ನಿಮ್ಮ ಆಟದಲ್ಲಿ ಕಾವಲಿಲ್ಲದ ಕಾಯಿ ಮೊದಲು ಯಾವಾಗ, ಯಾರ ಕಡೆ ಕಾಣಿಸಿತು ಎಂದು ಹುಡುಕಿ ಗುರುತು ಹಾಕಿ.